ಸೂಜಿ ಜೊತೆಗೆ ವ್ಯಾಯಾಮ: ಆಕ್ಯುಪಂಕ್ಚರ್ ಮತ್ತು ಫಿಸಿಯೋಥೆರಪಿ ಸೇರಿದರೆ ನೋವು ನಿಜಕ್ಕೂ ಜಾಸ್ತಿ ಇಳಿಯುತ್ತಾ?

ಮಂಡಿ ನೋವು, ಸೊಂಟ ನೋವು, ಕುತ್ತಿಗೆ ನೋವು ಅಂತ ಫಿಸಿಯೋಥೆರಪಿಗೆ ಹೋದವರಿಗೆ ಈಗೀಗ ಇನ್ನೊಂದು ಸಲಹೆಯೂ ಸಿಗುತ್ತಿದೆ: 'ಜೊತೆಗೆ ಆಕ್ಯುಪಂಕ್ಚರ್ ಮಾಡಿಸಿ, ಬೇಗ ಗುಣ ಆಗುತ್ತೆ.' ಕೆಲವು ಕಡೆ ಫಿಸಿಯೋಥೆರಪಿಸ್ಟ್ ತಾವೇ ತರಬೇತಿ ಪಡೆದು ಸೂಜಿ ಹಾಕುತ್ತಾರೆ. ಇನ್ನು ಕೆಲವು ಕಡೆ ಒಂದೇ ಕ್ಲಿನಿಕ್ಕಿನಲ್ಲಿ ಇಬ್ಬರು ಬೇರೆ ಬೇರೆ ಚಿಕಿತ್ಸಕರು ಇರುತ್ತಾರೆ. ನೋವಿನಿಂದ ಬೇಸತ್ತವರಿಗೆ ಎರಡೂ ಒಟ್ಟಿಗೆ ಸಿಗುತ್ತದೆ ಅಂದರೆ ಬೇಡ ಅನ್ನುವ ಮನಸ್ಸಾಗುವುದಿಲ್ಲ. ಅದು ಸಹಜ.

ಇದು ಸಣ್ಣ ವಿಷಯ ಅಲ್ಲ. 2020ರಲ್ಲಿ ಸೊಂಟ ನೋವೊಂದೇ ಜಗತ್ತಿನ ಸುಮಾರು 61.9 ಕೋಟಿ ಜನರನ್ನು ಕಾಡುತ್ತಿತ್ತು. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿ ಮುಟ್ಟಬಹುದು ಎಂಬ ಅಂದಾಜಿದೆ. ಇಷ್ಟು ಜನ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಾ ಇರಲು ಆಗುವುದಿಲ್ಲ. ಹೊಟ್ಟೆ, ಕಿಡ್ನಿ ತಡೆಯಬೇಕಲ್ಲ. ಮಾತ್ರೆ ಇಲ್ಲದ ದಾರಿಗಳ ಕಡೆ ವೈದ್ಯರೂ ರೋಗಿಗಳೂ ತಿರುಗಿರುವುದು ಒಳ್ಳೆಯದೇ. ಆದರೆ ಎರಡು ಚಿಕಿತ್ಸೆ ಸೇರಿಸಿದ ಮಾತ್ರಕ್ಕೆ ಉಪಶಮನವೂ ಎರಡರಷ್ಟಾಗುತ್ತದೆ ಎಂಬ ಲೆಕ್ಕ ತಪ್ಪು. ನನಗೆ ಕಂಡ ಹಾಗೆ, ಸೂಜಿಗೆ ಇಲ್ಲಿ ಒಂದೇ ಒಂದು ಒಳ್ಳೆಯ ಕೆಲಸವಿದೆ. ನೋವಿನಿಂದಾಗಿ ವ್ಯಾಯಾಮ ಮಾಡಲಾಗದವರು ಮಾಡುವಂತಾಗಬೇಕು. ಅದು ಆಗದಿದ್ದರೆ ಎಷ್ಟು ಸೂಜಿ ಹಾಕಿಸಿಕೊಂಡರೂ ಕೆಲವು ದಿನದ ಸಮಾಧಾನ ಅಷ್ಟೇ.

ಮೊದಲು ಸೂಜಿ ಏನು ಮಾಡುತ್ತದೆ ನೋಡೋಣ. ಆಕ್ಯುಪಂಕ್ಚರ್ ಸೂಜಿ ಇಂಜೆಕ್ಷನ್ ಸೂಜಿಯ ಥರ ಟೊಳ್ಳಾಗಿರುವುದಿಲ್ಲ. ಒಳಗೆ ಔಷಧಿಯೂ ಹೋಗುವುದಿಲ್ಲ. ಸಾಮಾನ್ಯವಾಗಿ ಕಾಲು ಮಿಲಿಮೀಟರ್ ದಪ್ಪದ ಗಟ್ಟಿ ತಂತಿ ಅದು. ಚರ್ಮ ದಾಟಿ ಸ್ನಾಯುವಿಗೆ ಇಳಿದಾಗ ಚುಚ್ಚಿದ ನೋವಿಗಿಂತ ಭಾರವಾದ, ಜೋಮು ಹಿಡಿದಂಥ ಒಂದು ಅನುಭವ ಆಗುತ್ತದೆ. ಶಕ್ತಿ ಹರಿಯುವ ನಾಡಿಗಳ ಮೂಲಕ ಇದು ಕೆಲಸ ಮಾಡುತ್ತದೆ ಎಂಬುದು ಹಳೆಯ ಚೀನೀ ವಿವರಣೆ. ಅಂಥ ನಾಡಿಗಳು ದೇಹದಲ್ಲಿ ಇವೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಆದರೆ ಸೂಜಿ ನರಗಳನ್ನು ಕೆಣಕುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆ ಸಂದೇಶ ಬೆನ್ನುಹುರಿಗೂ ಮೆದುಳಿಗೂ ಹೋಗುತ್ತದೆ. ದೇಹ ತನ್ನದೇ ನೋವು ನಿವಾರಕಗಳನ್ನು ಬಿಡುಗಡೆ ಮಾಡುತ್ತದೆ. ಅಫೀಮಿನ ಗುಂಪಿನ ಔಷಧಿಗಳ ಪರಿಣಾಮವನ್ನು ತಡೆಯುವ ನಾಲೊಕ್ಸೋನ್ ಕೊಟ್ಟಾಗ ಸೂಜಿಯಿಂದ ಬಂದ ಉಪಶಮನವೂ ಕಡಿಮೆಯಾಗುವುದನ್ನು 1970ರ ದಶಕದಲ್ಲೇ ಕೆಲವು ಪ್ರಯೋಗಗಳು ತೋರಿಸಿದ್ದವು. 2010ರಲ್ಲಿ ಇಲಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಮಂಡಿಯ ಕೆಳಗೆ ಸೂಜಿ ಹಾಕಿ ತಿರುಗಿಸಿದಾಗ ಆ ಜಾಗದಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಹಲವು ಪಟ್ಟು ಹೆಚ್ಚಿತು. ಅದು ಹತ್ತಿರದ ನರಗಳ ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಅಡೆನೊಸಿನ್‌ಗೆ ಸ್ಪಂದಿಸುವ, ಜೀವಕೋಶದ ಮೇಲಿನ ಗ್ರಾಹಕವೇ (ರಿಸೆಪ್ಟರ್) ಇಲ್ಲದ ಇಲಿಗಳಲ್ಲಿ ಸೂಜಿಯಿಂದ ಪ್ರಯೋಜನ ಆಗಲಿಲ್ಲ.

ಅಂದರೆ ಸೂಜಿ ನೋವಿನ ಸದ್ದು ತಗ್ಗಿಸಬಲ್ಲದು. ಸವೆದ ಮಂಡಿಯನ್ನು ಅದು ಸರಿ ಮಾಡುವುದಿಲ್ಲ. ಸೊರಗಿದ ತೊಡೆಯ ಸ್ನಾಯುವಿಗೆ ಬಲ ತುಂಬುವುದಿಲ್ಲ. ಬಗ್ಗಲು ಹೆದರುವ ಬೆನ್ನಿಗೆ ಬಗ್ಗುವುದನ್ನು ಕಲಿಸುವುದಿಲ್ಲ. ಈ ಕೆಲಸಗಳೆಲ್ಲ ಫಿಸಿಯೋಥೆರಪಿಯವು. ಅದಕ್ಕೆ ಸಮಯ ಬೇಕು. ಸ್ನಾಯು ಗಮನಾರ್ಹವಾಗಿ ಬಲಗೊಳ್ಳಲು ಆರು-ಎಂಟು ವಾರವಾದರೂ ಆಗುತ್ತದೆ. ಕಷ್ಟ ಬರುವುದು ಇಲ್ಲೇ. ವ್ಯಾಯಾಮ ಶುರು ಮಾಡಿದ ಮೊದಲ ಎರಡು ಮೂರು ವಾರದಲ್ಲಿ ಹಲವರಿಗೆ ನೋವು ಸ್ವಲ್ಪ ಜಾಸ್ತಿಯೇ ಆಗುತ್ತದೆ. 'ಇದರಿಂದ ಇನ್ನೂ ಹೆಚ್ಚಾಯ್ತು' ಅಂತ ಬಿಟ್ಟುಬಿಡುತ್ತಾರೆ. ಬಿಟ್ಟಮೇಲೆ ಸ್ನಾಯು ಇನ್ನಷ್ಟು ಸೊರಗುತ್ತದೆ, ಕೀಲಿನ ಮೇಲೆ ಭಾರ ಬೀಳುತ್ತದೆ, ನೋವು ಮತ್ತೆ ಏರುತ್ತದೆ.

ಸೂಜಿಯ ಪರಿಣಾಮ ಬೇಗ ಶುರುವಾಗುತ್ತದೆ, ಆದರೆ ಒಂದು ಸಲದ್ದು ಹೆಚ್ಚು ದಿನ ನಿಲ್ಲುವುದಿಲ್ಲ. ವ್ಯಾಯಾಮದ ಫಲ ತಡವಾಗಿ ಬರುತ್ತದೆ, ಮಾಡುತ್ತಾ ಇದ್ದರೆ ನಿಲ್ಲುತ್ತದೆ. ಎರಡನ್ನೂ ಜೋಡಿಸುವುದಕ್ಕೆ ಏನಾದರೂ ಅರ್ಥವಿದ್ದರೆ ಅದು ಈ ಸಮಯದ ವ್ಯತ್ಯಾಸದಲ್ಲೇ ಇದೆ. ವ್ಯಾಯಾಮ ಫಲ ಕೊಡುವವರೆಗಿನ ಕಷ್ಟದ ವಾರಗಳನ್ನು ದಾಟಿಸಲು ಸೂಜಿ ನೆರವಾಗಬಹುದು.

ಮಂಡಿ ಸವೆದವರಿಗೆ ಇಂಥ ಒಂದು ಸೆಷನ್ ಹೇಗಿರಬೇಕು ಅಂತ ಹೇಳುತ್ತೇನೆ. ಸೂಜಿಗೆ ಅಂತ ಮಲಗುವ ಮೊದಲೇ ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಬೇಕು. ಎಷ್ಟು ನೋವಾಯಿತು, ಹತ್ತಕ್ಕೆ ಎಷ್ಟು, ಬರೆದುಕೊಳ್ಳಬೇಕು. ಆಮೇಲೆ ಅಂಗಾತ ಮಲಗಿಸಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಚಿಪ್ಪಿನ ಕೆಳಗೆ ಎರಡೂ ಪಕ್ಕದ ತಗ್ಗುಗಳಲ್ಲಿ, ಅದರಿಂದ ನಾಲ್ಕು ಬೆರಳು ಕೆಳಗೆ ಕಾಲಿನ ಹೊರಬದಿಯಲ್ಲಿ, ತೊಡೆಯ ಮುಂಭಾಗದಲ್ಲಿ ಸೂಜಿ ಹಾಕುತ್ತಾರೆ. ಪ್ರತಿ ಸೂಜಿಯೂ ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗಿಂದ ಬರುತ್ತದೆ, ಬೆರಳ ತುದಿಯಿಂದ ಒಂದು ತಟ್ಟು. ಇಪ್ಪತ್ತು ನಿಮಿಷ ಹಾಗೇ. ಸೂಜಿ ತೆಗೆದ ಮೇಲೆ ಮನೆಗೆ ಹೋಗುವುದಲ್ಲ. ಸ್ವಲ್ಪ ಹೊತ್ತು ಕೂತು, ತಲೆ ಸುತ್ತುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅದೇ ಕುರ್ಚಿಯಿಂದ ಮತ್ತೆ ಐದು ಸಲ ಏಳಬೇಕು. ನೋವು ಆರರಿಂದ ನಾಲ್ಕಕ್ಕೆ ಇಳಿದಿದೆ ಅಂತಿಟ್ಟುಕೊಳ್ಳಿ. ಆ ಹೊತ್ತೇ ಕೆಲಸದ ಹೊತ್ತು. ಎಂಟು ಸಲ ಎದ್ದು ಕೂರುವುದು, ಸ್ವಲ್ಪ ಬಿಡುವು, ಮತ್ತೆ ಎಂಟು. ಮೆಟ್ಟಿಲು ಹತ್ತುವ ಅಭ್ಯಾಸ. ಮರುದಿನ ಮನೆಯಲ್ಲಿ ಸೂಜಿ ಇಲ್ಲದೆ ಅದನ್ನೇ ಮಾಡುವುದು.

ಇದರಲ್ಲಿ ಸ್ನಾಯುವಿಗೆ ಬಲ ಬರುವುದಕ್ಕಿಂತ ಮೊದಲೇ ಇನ್ನೊಂದು ಲಾಭವಿದೆ. ಎದ್ದರೆ ಮಂಡಿ ಹಾಳಾಗುತ್ತದೆ ಅಂತ ನಂಬಿದವರಿಗೆ, ಎದ್ದರೂ ಏನೂ ಆಗಲಿಲ್ಲ ಎಂಬುದು ತಮ್ಮ ಮೈಯಲ್ಲೇ ಗೊತ್ತಾಗುತ್ತದೆ. ಹಳೆಯ ನೋವಿನಲ್ಲಿ ಭಯದ ಪಾಲು ದೊಡ್ಡದು. ನೋವಾಗುತ್ತದೆ ಅಂತ ಅಲುಗಾಡದೆ ಇರುವುದೇ ಹೊಸ ನೋವಿಗೆ ದಾರಿ. ಬಾಯಿಮಾತಿನ ಧೈರ್ಯ ಈ ಭಯವನ್ನು ಅಷ್ಟು ಸುಲಭಕ್ಕೆ ಬಿಡಿಸುವುದಿಲ್ಲ.

ಇಷ್ಟು ತರ್ಕ ಚೆನ್ನಾಗಿದೆ. ಪ್ರಯೋಗದಲ್ಲಿ ಇದು ನಿಂತಿದೆಯಾ?

ಇದೇ ಪ್ರಶ್ನೆಯನ್ನು ನೇರವಾಗಿ ಕೇಳಿದ ಒಂದು ದೊಡ್ಡ ಅಧ್ಯಯನ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಮಂಡಿ ಸವೆತದ 352 ಮಂದಿ, 37 ಫಿಸಿಯೋಥೆರಪಿ ಕೇಂದ್ರಗಳು. ಎಲ್ಲರಿಗೂ ಸಲಹೆ ಮತ್ತು ವ್ಯಾಯಾಮ ಸಿಕ್ಕಿತು. ಒಂದು ಗುಂಪಿಗೆ ಅಷ್ಟೇ. ಇನ್ನೊಂದಕ್ಕೆ ಜೊತೆಗೆ ನಿಜವಾದ ಆಕ್ಯುಪಂಕ್ಚರ್. ಮೂರನೆಯದಕ್ಕೆ ಹುಸಿ ಸೂಜಿ. ಇದರ ತುದಿ ಮೊಂಡು. ಒತ್ತಿದರೆ ಚರ್ಮದ ಒಳಗೆ ಹೋಗದೆ ಹಿಡಿಯೊಳಗೇ ಸರಿಯುತ್ತದೆ. ರೋಗಿಗೆ ಚುಚ್ಚಿದ ಹಾಗೇ ಅನ್ನಿಸುತ್ತದೆ. ಆರು ತಿಂಗಳ ನಂತರ ನೋವನ್ನು 20 ಅಂಕದ ಅಳತೆಯಲ್ಲಿ ನೋಡಿದರು. ವ್ಯಾಯಾಮದ ಗುಂಪಿನಲ್ಲಿ ನೋವು ಸರಾಸರಿ 2.28 ಅಂಕ ಇಳಿದಿತ್ತು. ಆಕ್ಯುಪಂಕ್ಚರ್ ಸೇರಿಸಿದವರಲ್ಲಿ 2.32. ಹುಸಿ ಸೂಜಿಯವರಲ್ಲಿ 2.53. ವ್ಯತ್ಯಾಸ ಇಲ್ಲ ಅಂತಲೇ ಹೇಳಬೇಕು. ಮೊದಲ ಕೆಲವು ವಾರ ಸೂಜಿಯವರಿಗೆ ನೋವಿನ ತೀವ್ರತೆ ಸ್ವಲ್ಪ ಕಡಿಮೆ ಇದ್ದದ್ದು ನಿಜ. ಆದರೆ ಹುಸಿ ಸೂಜಿಯವರಿಗೂ ಅಂಥದ್ದೇ ಅನುಭವ ಆಗಿತ್ತು.

ಈ ಅಧ್ಯಯನವನ್ನು ಪಕ್ಕಕ್ಕಿಟ್ಟು ಎರಡೂ ಸೇರಿದರೆ ಒಳ್ಳೆಯದು ಅನ್ನುವವರ ಮಾತು ನಾನು ಒಪ್ಪಲಾರೆ. ಹಾಗಂತ ಕಥೆ ಇಲ್ಲಿಗೇ ಮುಗಿಯುವುದೂ ಇಲ್ಲ.

ಅದೇ ವರ್ಷ ಜರ್ಮನಿಯ ಇನ್ನೊಂದು ಅಧ್ಯಯನ ಹೊರಬಿತ್ತು. ಸರಾಸರಿ ಎಂಟು ವರ್ಷದಿಂದ ಸೊಂಟ ನೋವು ಅನುಭವಿಸುತ್ತಿದ್ದ 1,162 ಜನ. ಆರು ತಿಂಗಳ ನಂತರ ಆಕ್ಯುಪಂಕ್ಚರ್ ಪಡೆದವರಲ್ಲಿ ಶೇ 47.6 ಮಂದಿಗೆ ಸ್ಪಷ್ಟ ಸುಧಾರಣೆ ಆಗಿತ್ತು. ತಪ್ಪು ಜಾಗದಲ್ಲಿ, ಮೇಲುಮೇಲಕ್ಕೆ ಚುಚ್ಚಿದ ಹುಸಿ ಗುಂಪಿನಲ್ಲಿ ಶೇ 44.2. ಔಷಧಿ, ಫಿಸಿಯೋಥೆರಪಿ, ವ್ಯಾಯಾಮ ಸೇರಿದ ಮಾಮೂಲಿ ಚಿಕಿತ್ಸೆಯಲ್ಲಿ ಶೇ 27.4 ಮಾತ್ರ. ಇಲ್ಲಿ ಎರಡು ವಿಷಯ ಒಟ್ಟಿಗೇ ಕಾಣುತ್ತವೆ. ಸೂಜಿ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಸೂಜಿ ಸಿಕ್ಕವರು ಸಿಗದವರಿಗಿಂತ ಎಷ್ಟೋ ಮೇಲಾದರು.

ಹಾಗಾದರೆ ಮಂಡಿಯ ಅಧ್ಯಯನಕ್ಕೂ ಇದಕ್ಕೂ ಯಾಕೆ ಇಷ್ಟು ಅಂತರ? ನನ್ನ ಓದು ಹೀಗಿದೆ. ಎಂಟು ವರ್ಷ ಮಾತ್ರೆ, ವ್ಯಾಯಾಮ ಎಲ್ಲ ನೋಡಿ ಬೇಸತ್ತವರಿಗೆ ಮತ್ತೆ ಅದನ್ನೇ ಕೊಟ್ಟರೆ ಉತ್ಸಾಹ ಎಲ್ಲಿಂದ ಬರಬೇಕು? ಹೊಸ ಚಿಕಿತ್ಸೆ, ಅರ್ಧ ಗಂಟೆ ಪಕ್ಕದಲ್ಲಿರುವ ಚಿಕಿತ್ಸಕ, ಗುಣವಾಗುವ ನಿರೀಕ್ಷೆ ಇವೆಲ್ಲ ಸೇರಿ ನೋವಿನ ಮೇಲೆ ಕೆಲಸ ಮಾಡುತ್ತವೆ. ಮಂಡಿಯ ಅಧ್ಯಯನದಲ್ಲಿ ಮೂರೂ ಗುಂಪಿಗೆ ಒಳ್ಳೆಯ ಫಿಸಿಯೋಥೆರಪಿಸ್ಟ್ ಸಿಕ್ಕಿದ್ದರು. ಒಬ್ಬೊಬ್ಬರಿಗೂ ಹೊಂದುವ ವ್ಯಾಯಾಮ ಸಿಕ್ಕಿತ್ತು, ಮಾತು ಕೇಳುವವರು ಸಿಕ್ಕಿದ್ದರು. ಅದರ ಮೇಲೆ ಸೂಜಿ ಸೇರಿಸಲು ಜಾಗವೇ ಉಳಿದಿರಲಿಲ್ಲ. ಒಳ್ಳೆಯ ಫಿಸಿಯೋಥೆರಪಿ ಸಿಗುತ್ತಿದ್ದರೆ ಸೂಜಿಯಿಂದ ಸಿಗುವ ಹೆಚ್ಚುವರಿ ಲಾಭ ಕಡಿಮೆ. ಕಾಟಾಚಾರದ ಫಿಸಿಯೋಥೆರಪಿ ಆದರೆ ಸೂಜಿ ದೊಡ್ಡದಾಗಿ ಕಾಣುತ್ತದೆ.

ಹುಸಿ ಸೂಜಿಗಿಂತ ನಿಜವಾದ ಸೂಜಿ ಸ್ವಲ್ಪವೂ ಮೇಲಲ್ಲವಾ? ಒಟ್ಟು 29 ಅಧ್ಯಯನಗಳ 17,922 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2012ರಲ್ಲಿ ಮಾಡಿದ ವಿಶ್ಲೇಷಣೆ ಇದಕ್ಕೆ ಸಿಕ್ಕ ಅತ್ಯುತ್ತಮ ಉತ್ತರಗಳಲ್ಲಿ ಒಂದು. ಸಂಶೋಧಕರೇ ಅದನ್ನು ಸರಳವಾಗಿ ವಿವರಿಸಿದ್ದರು. ನೂರಕ್ಕೆ 60 ನೋವಿನಿಂದ ಶುರು ಮಾಡಿದರೆ, ಆಕ್ಯುಪಂಕ್ಚರ್ ಇಲ್ಲದವರ ನೋವು 43ಕ್ಕೆ ಇಳಿಯಬಹುದು, ಹುಸಿ ಸೂಜಿಯವರದ್ದು 35ಕ್ಕೆ, ನಿಜವಾದ ಸೂಜಿಯವರದ್ದು 30ಕ್ಕೆ. ಸೂಜಿಗೇ ಸೇರಿದ ಪಾಲು ಐದು ಅಂಕ. ಇದೆ, ಆದರೆ ಚಿಕ್ಕದು. ಸೂಜಿ ಇಲ್ಲದವರಿಗಿಂತ ಹೆಚ್ಚು ಇಳಿದದ್ದರಲ್ಲಿ ಉಳಿದ ಎಂಟು ಅಂಕ ಚಿಕಿತ್ಸೆಯ ಸಂದರ್ಭದ್ದು. 2018ರಲ್ಲಿ ಇನ್ನೂ ಹೆಚ್ಚು ಅಧ್ಯಯನ ಸೇರಿಸಿ ನೋಡಿದಾಗಲೂ ಚಿತ್ರ ಹೆಚ್ಚು ಬದಲಾಗಲಿಲ್ಲ. ಪೂರ್ತಿ ಕೋರ್ಸ್ ಮುಗಿಸಿದವರಲ್ಲಿ ಲಾಭದ ಬಹುಪಾಲು ಒಂದು ವರ್ಷದವರೆಗೂ ಉಳಿದಿತ್ತು ಎಂಬುದು ಆಗ ಗೊತ್ತಾದ ಮುಖ್ಯ ಸಂಗತಿ.

ಈ ಹಿನ್ನೆಲೆ ಗೊತ್ತಿದ್ದರೆ ಮಾರ್ಗಸೂಚಿಗಳ ಗೊಂದಲ ಅರ್ಥವಾಗುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಆಕ್ಯುಪಂಕ್ಚರ್ ಬೇಡ ಅಂದಿತು. 2021ರಲ್ಲಿ ಸ್ಪಷ್ಟ ಕಾರಣ ಸಿಗದ ದೀರ್ಘಕಾಲದ ನೋವಿಗೆ ಒಂದು ಕೋರ್ಸ್ ಪರಿಗಣಿಸಬಹುದು ಅಂದಿತು. 2022ರಲ್ಲಿ ಕೀಲು ಸವೆತಕ್ಕೆ ಮತ್ತೆ ಬೇಡ ಅಂದಿತು. ಅಮೆರಿಕದ ವೈದ್ಯರ ಸಂಘಟನೆ ಎಸಿಪಿ 2017ರಲ್ಲಿ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದ ದಾರಿಗಳ ಪಟ್ಟಿಯಲ್ಲಿ ವ್ಯಾಯಾಮದ ಜೊತೆ ಆಕ್ಯುಪಂಕ್ಚರನ್ನೂ ಸೇರಿಸಿತು. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2020ರಿಂದ ದೀರ್ಘಕಾಲದ ಸೊಂಟ ನೋವಿಗೆ 90 ದಿನದಲ್ಲಿ 12 ಸೆಷನ್‌ಗೆ ಹಣ ಕೊಡುತ್ತಿದೆ. ಸುಧಾರಣೆ ಕಂಡರೆ ಮಾತ್ರ ಇನ್ನೂ ಎಂಟು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಸೊಂಟ ನೋವಿನ ಮಾರ್ಗಸೂಚಿಯಲ್ಲಿ ತಿಳಿವಳಿಕೆ, ವ್ಯಾಯಾಮಗಳ ಜೊತೆಗೆ ಸೂಜಿ ಚಿಕಿತ್ಸೆಗೂ ಷರತ್ತಿನ ಒಪ್ಪಿಗೆ ಇದೆ.

ಎಲ್ಲರೂ ಹೆಚ್ಚುಕಡಿಮೆ ಅವೇ ಅಧ್ಯಯನಗಳನ್ನು ಓದಿದ್ದಾರೆ. ಹುಸಿ ಸೂಜಿಯ ಜೊತೆ ಹೋಲಿಸಿದವರು ಬೇಡ ಅಂದರು. ಏನೂ ಕೊಡದಿರುವುದರ ಜೊತೆ, ಅಥವಾ ಮಾತ್ರೆಗಳ ಅಪಾಯದ ಜೊತೆ ತೂಗಿ ನೋಡಿದವರು ಆಗಬಹುದು ಅಂದರು. ಆದರೆ ಹೌದು ಅಂದವರು ಕೂಡ ಮಿತಿ ಹಾಕಿದ್ದಾರೆ ಎಂಬುದನ್ನು ಗಮನಿಸಿ. ನೈಸ್ ಹೇಳಿದ ಆ ಒಂದು ಕೋರ್ಸ್‌ಗೆ ಚಿಕಿತ್ಸಕರ ಒಟ್ಟು ಐದು ಗಂಟೆಗಿಂತ ಹೆಚ್ಚು ಸಮಯ ಹೋಗುವ ಹಾಗಿಲ್ಲ. ಮುಗಿಯದ ಸೂಜಿ ಚಿಕಿತ್ಸೆಗೆ ಯಾರೂ ಒಪ್ಪಿಗೆ ಕೊಟ್ಟಿಲ್ಲ.

ನನಗೆ ನಿಜವಾಗಿ ಚಿಂತೆ ಆಗುವುದು ಸೆಷನ್ನಿನ ಸಮಯದ ಬಗ್ಗೆ. ಮುಕ್ಕಾಲು ಗಂಟೆಯ ಸೆಷನ್ ಅಂತಿಟ್ಟುಕೊಳ್ಳಿ. ಸೂಜಿಗೆ ಇಪ್ಪತ್ತೈದು ನಿಮಿಷ ಹೋಯಿತು. ಶಾಖ, ಕರೆಂಟ್ ಕೊಡುವ ಮೆಷಿನ್ ಅಂತ ಇನ್ನು ಹತ್ತು. ವ್ಯಾಯಾಮಕ್ಕೆ ಉಳಿದದ್ದು ಹತ್ತು ನಿಮಿಷ, ಅದೂ ಒಂದು ಚೀಟಿ ಕೊಟ್ಟು 'ಮನೆಯಲ್ಲಿ ಮಾಡಿ' ಅನ್ನುವಲ್ಲಿಗೆ ಮುಗಿಯುತ್ತದೆ. ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇರಬೇಕಿಲ್ಲ. ಮಲಗಿ ಸೂಜಿ ಹಾಕಿಸಿಕೊಳ್ಳುವುದು ರೋಗಿಗೂ ಸುಲಭ, ಚಿಕಿತ್ಸಕರಿಗೂ ಸುಲಭ. ವ್ಯಾಯಾಮ ಕಲಿಸುವುದು, ತಿದ್ದುವುದು, ಹುರಿದುಂಬಿಸುವುದು ಇಬ್ಬರಿಗೂ ಬೆವರಿನ ಕೆಲಸ. ಹೀಗಾಗಿ ಎರಡೂ ಸೇರಿದ ಚಿಕಿತ್ಸೆ ಅಂತ ಶುರುವಾದದ್ದು ಮೆಲ್ಲಗೆ ಬರೀ ಸೂಜಿ ಚಿಕಿತ್ಸೆ ಆಗಿಬಿಡುತ್ತದೆ. ಹೀಗಾದಾಗ ರೋಗಿ ಕಳೆದುಕೊಳ್ಳುವುದು ವ್ಯಾಯಾಮವನ್ನು, ಅಂದರೆ ಅವರಿಗೆ ಹೆಚ್ಚು ಕಾಲ ಉಪಯೋಗಕ್ಕೆ ಬರುವುದನ್ನೇ.

ಯಾರಿಗೆ ಎರಡೂ ಸೇರಿಸುವುದು ಸರಿ? ಮುಟ್ಟಿದರೆ ಕುತ್ತಿಗೆ ಸೆಟೆದುಕೊಳ್ಳುವವರು, ನೋವಿಗೆ ವ್ಯಾಯಾಮದ ಮೊದಲ ಹಂತವನ್ನೂ ದಾಟಲಾಗದವರು, ಮಾತ್ರೆ ತಡೆಯದವರು ಇಂಥವರಿಗೆ ಮೊದಲ ದಿನದಿಂದಲೇ ಸೂಜಿ ಇರಲಿ. ಪದೇ ಪದೇ ತಲೆನೋವು, ಮೈಗ್ರೇನ್ ಬರುವವರ ಲೆಕ್ಕ ಬೇರೆ. ಅಲ್ಲಿ ಆಕ್ಯುಪಂಕ್ಚರ್‌ಗೆ ಸ್ವಂತ ಬಲದ ಪುರಾವೆ ಇದೆ. ನೈಸ್ ಕೂಡ 2012ರಲ್ಲೇ ತಲೆನೋವು ತಡೆಯಲು ಹತ್ತು ಸೆಷನ್‌ವರೆಗೆ ಪರಿಗಣಿಸಬಹುದು ಅಂದಿತ್ತು. ನೋವಿದ್ದರೂ ವ್ಯಾಯಾಮ ಮಾಡಬಲ್ಲವರು ಮೂರು ನಾಲ್ಕು ವಾರ ಅದನ್ನಷ್ಟೇ ಮಾಡಿ ನೋಡುವುದು ಒಳ್ಳೆಯದು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆಗ ಸೂಜಿ ಸೇರಿಸಿ. ಎರಡನ್ನೂ ಒಂದೇ ದಿನ ಶುರು ಮಾಡಿದರೆ ಯಾವುದರಿಂದ ಗುಣವಾಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಯಾವುದನ್ನು ನಿಲ್ಲಿಸಬೇಕು ಅಂತಲೂ ಗೊತ್ತಾಗುವುದಿಲ್ಲ.

ಅಪಾಯದ ವಿಷಯ. ತರಬೇತಿ ಆದವರ ಕೈಯಲ್ಲಿ ಆಕ್ಯುಪಂಕ್ಚರ್ ಸಾಕಷ್ಟು ಸುರಕ್ಷಿತ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದಾಗ ಶೇ 8.6 ಮಂದಿ ಏನಾದರೊಂದು ಅಡ್ಡಪರಿಣಾಮ ಹೇಳಿದರು. ಹೆಚ್ಚಿನದು ಸಣ್ಣ ರಕ್ತಸ್ರಾವ ಅಥವಾ ಕಂದುಗಟ್ಟಿದ್ದು. ಚಿಕಿತ್ಸೆ ಬೇಕಾದಷ್ಟು ತೊಂದರೆ ಆದದ್ದು ಶೇ 2.2 ಮಂದಿಗೆ. ಇಬ್ಬರಿಗೆ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿತ್ತು. ಅಪರೂಪ, ಆದರೆ ಭುಜದ ಮೇಲ್ಭಾಗ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚುವಾಗ ಇದು ಆಗಬಹುದು. ಸೂಜಿ ಹಾಕಿಸಿಕೊಂಡ ಮೇಲೆ ಎದೆನೋವು, ಉಸಿರಾಟದ ತೊಂದರೆ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಪ್ಯಾಕೆಟ್ ನಿಮ್ಮ ಕಣ್ಣೆದುರೇ ಬಿಚ್ಚಬೇಕು, ಒಮ್ಮೆ ಬಳಸಿದ ಸೂಜಿ ಮತ್ತೆ ಬಳಸಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಜೋಡಿಸುವ ವಿಧಾನ ಬೇಡ. ಡ್ರೈ ನೀಡ್ಲಿಂಗ್ ಅಂತ ಗಂಟುಗಟ್ಟಿದ ಸ್ನಾಯುವಿಗೇ ನೇರವಾಗಿ ಚುಚ್ಚಿದ್ದರೆ ಒಂದೆರಡು ದಿನ ಆ ಜಾಗ ನೋಯುವುದು ಮಾಮೂಲು. ಅವತ್ತೇ ಅದೇ ಸ್ನಾಯುವಿಗೆ ಭಾರಿ ವ್ಯಾಯಾಮ ಕೊಡಬಾರದು, ಹಗುರವಾದದ್ದು ಸಾಕು.

ಕೆಲವು ನೋವಿಗೆ ಸೂಜಿಯೂ ಬೇಡ, ವ್ಯಾಯಾಮವೂ ಬೇಡ, ಮೊದಲು ವೈದ್ಯರೇ ನೋಡಬೇಕು. ಸೊಂಟ ನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ಕಾಲುಗಳ ನಡುವಿನ ಜಾಗ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಅದು ತುರ್ತು. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಇದ್ದದ್ದು, ಬಿದ್ದು ಪೆಟ್ಟಾದದ್ದು ಇದ್ದರೂ ಹಾಗೇ.

ಚಿಕಿತ್ಸೆ ಶುರು ಮಾಡುವ ದಿನವೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಗಾಡಿ ಓಡಿಸುವಾಗ ಹಿಂದೆ ತಿರುಗಿ ನೋಡುವುದು, ಯಾವುದಾದರೂ ಸರಿ. ಆರನೇ ಸೆಷನ್ ಹೊತ್ತಿಗೆ ಅದು ಎಷ್ಟು ಸುಲಭವಾಗಿದೆ ಅಂತ ಚಿಕಿತ್ಸಕರ ಜೊತೆ ಕೂತು ನೋಡಿ. ಸುಲಭವಾಗಿದ್ದರೆ ಸೂಜಿಯ ಅಂತರ ಹೆಚ್ಚಿಸುತ್ತಾ ಬಂದು ನಿಲ್ಲಿಸಿ, ವ್ಯಾಯಾಮ ಮುಂದುವರಿಸಿ. ಏನೂ ಬದಲಾಗಿಲ್ಲ ಅಂದರೆ ಇನ್ನೊಂದು ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ನೋವಿನ ಮೂಲವನ್ನೇ ಮತ್ತೆ ಪರೀಕ್ಷೆ ಮಾಡಿಸಿ. ಸೊಂಟದ ಕೀಲು ಸವೆದಿದ್ದರೂ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಕುತ್ತಿಗೆಯ ನರ ಒತ್ತಿಹೋಗಿದ್ದರೂ ನೋಯುವುದು ಭುಜವೇ ಆಗಿರಬಹುದು.